ಅತ್ತಿಯ ರೊಟ್ಟಿ ಗಂಟು

ನಿನ್ನೆ ಕಲಬುರಗಿಯಲ್ಲಿ ಆಸ್ಪತ್ರೆಯ ಮಾನಸಿಕ ವಾರ್ಡಿನ ಬಾಗಿಲ ಹತ್ತಿರ ಕೂತಿದ್ದೆ. ಒಳಗೆ ಮಾಮಾ. ಮೂರು ವಾರದಿಂದ ಯಾರ ಜೊತೆಗೂ ಸರಿಯಾಗಿ ಮಾತಿಲ್ಲ. ಅತ್ತಿ ಮಂಚದ ತುದಿಗೆ ಕೂತು ಗಂಟು ಬಿಚ್ಚಿದರು. ಕಟಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ ಮೊಸರು ಹಚ್ಚಿ, "ಜರಾ ತಿನ್ರೀ" ಅಂದರು. ಮಾಮಾ ಮುಖ ತಿರುಗಿಸಿದರು. ಅತ್ತಿ ಸುಮ್ನೆ ಅವರ ಕೈ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಮಾಮಾ ಬಾಯಿ ತೆರೆದರು.

ಡಾ. ವಿದ್ಯಾ ಸಾಗರ್ ನೆನಪಾದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯನ್ನು ನಡೆಸುತ್ತಿದ್ದವರು. ಆ ಕಾಲಕ್ಕೆ ಇಂಥ ಆಸ್ಪತ್ರೆ ಅಂದರೆ ಎತ್ತರದ ಗೋಡೆ. ರೋಗಿಯನ್ನು ಒಳಗೆ ಬಿಟ್ಟು ಮನೆಯವರು ಹೊರಟುಬಿಡುತ್ತಿದ್ದರು. ಎಷ್ಟೋ ಜನರನ್ನು ವಾಪಸ್ ಕರೆದೊಯ್ಯಲು ಯಾರೂ ಬರುತ್ತಿರಲಿಲ್ಲ. ಇವರು ಆಸ್ಪತ್ರೆ ಅಂಗಳದಲ್ಲೇ ಡೇರೆ ಹಾಕಿಸಿ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಅಂತ ಕೂರಿಸಿಕೊಂಡು ಹೇಳಿದರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಯವರ ಜೊತೆಗೇ ಊರಿಗೆ ಹೋದರು. ಆಮೇಲೆ ವೆಲ್ಲೂರು, ಬೆಂಗಳೂರಿನಲ್ಲೂ ಇದೇ ರೂಢಿ ಬಂತು. ಎಷ್ಟು ಸರಳ ವಿಚಾರ, ಅಲ್ವಾ? ಆದರೆ ಆಗ ಅದಕ್ಕೆ ದೊಡ್ಡ ಧೈರ್ಯ ಬೇಕಿತ್ತು.

ನಾವು ಮಾಮಾರನ್ನು ಮೊದಲು ಗಾಣಗಾಪುರದ ದತ್ತಾತ್ರೇಯನ ಗುಡಿಗೆ ಕರೆದೊಯ್ದಿದ್ದೆವು. ಅದಕ್ಕೆ ನನಗೆ ನಾಚಿಕೆ ಇಲ್ಲ. ಅಲ್ಲೂ ಅತ್ತಿ ಪಕ್ಕದಲ್ಲೇ ಮಲಗಿದ್ದರು. ಆದರೆ ಮಾತ್ರೆ ಶುರುವಾಗೋದು ತಡವಾಯಿತಲ್ಲ, ಅದು ಮಾತ್ರ ಚುಚ್ಚುತ್ತದೆ.

ಇವತ್ತು ಬೆಳಿಗ್ಗೆ ಮಾಮಾ ತಾವಾಗೇ ಕೇಳಿದರಂತೆ, "ಇನ್ನಾ ಹಿಂಡಿ ಅದಾ ಏನು?" ಫೋನಿನಲ್ಲಿ ಹೇಳುವಾಗ ಅತ್ತಿಯ ದನಿ ನಡುಗುತ್ತಿತ್ತು.