ಹುಲ್ಲಿನ ಮೇಲೆ ನನ್ನ ಹೆಜ್ಜೆ

ಆ ವರ್ಷದ ಮೊದಲ ಜೋರು ಚಳಿ ಅದು. ಬೆಳಿಗ್ಗೆ ಬಾಗಿಲು ತೆಗೆದರೆ ಲಾನ್ ಮೇಲಿನ ಇಬ್ಬನಿ ಹೆಪ್ಪುಗಟ್ಟಿ, ಹುಲ್ಲಿಗೆಲ್ಲ ಪುಡಿ ಉಪ್ಪು ಉದುರಿಸಿದ ಹಾಗಿತ್ತು. ಮೂಲೆಯಲ್ಲಿ ತರಗೆಲೆ ಬಿದ್ದಿತ್ತು. ಗುಡಿಸಿಬಿಡೋಣ ಅಂತ ಸೀದಾ ಹುಲ್ಲಿನ ಮೇಲೆ ನಡೆದೆ. ಕಾಲಡಿ ಚರಚರ ಸದ್ದು.

ಒಂದೆರಡು ದಿನಕ್ಕೆ ನಾನು ನಡೆದ ದಾರಿ ಎದ್ದು ಕಂಡಿತು. ಅರೆಹಸಿರು ಹುಲ್ಲಿನ ನಡುವೆ ಒಂದೊಂದು ಹೆಜ್ಜೆಯೂ ಕಂದು ಬಣ್ಣ. ಎಣಿಸಬಹುದಿತ್ತು. ಹೆಪ್ಪುಗಟ್ಟಿದ ಎಲೆ ಪೆಡಸಾಗಿರುತ್ತೆ, ತುಳಿದರೆ ಒಳಗಿನ ಜೀವಕೋಶಗಳು ಒಡೆದುಹೋಗುತ್ತವೆ. ಬಿಸಿಲು ಬಂದು ಹುಲ್ಲಿನ ಹೆಪ್ಪು ಕರಗುವವರೆಗೆ ಕಾದಿದ್ದರೆ ಸಾಕಿತ್ತು.

ಕೆಲವು ವಾರಗಳಲ್ಲಿ ಇಡೀ ಲಾನ್ ಕಂದಾಯಿತು. ಎಲ್ಲ ಸತ್ತೇಹೋಯಿತು ಅಂದುಕೊಂಡೆ. ಹೊಟ್ಟೆ ಉರಿದುಹೋಯಿತು. ಯೂರಿಯಾ ಚೀಲ ಬಿಚ್ಚುತ್ತಿದ್ದಾಗ ಅಮ್ಮ ತಡೆದರು. "ಮೊದ್ಲು ಬುಡ ನೋಡು. ಆಮೇಲೆ ಬೇಕಾದ್ರೆ ಹಾಕುವಿಯಂತೆ."

ಮಂಡಿಯೂರಿ ಕೂತೆ. ಒಂದು ಹಿಡಿ ಹುಲ್ಲು ಹಿಡಿದು ಎಳೆದೆ, ಕಿತ್ತು ಬರಲಿಲ್ಲ. ಚಾಕುವಿನಿಂದ ಒಂದು ಸಣ್ಣ ತುಂಡು ಎಬ್ಬಿಸಿ, ಒಣಗಿದ ಸಿಪ್ಪೆ ಬಿಡಿಸಿದೆ. ಮಣ್ಣಿಗೆ ತಾಗುವ ಕಡೆ ಬುಡ ಬೆಳ್ಳಗೆ, ಗಟ್ಟಿಯಾಗಿತ್ತು. ಉಗುರಿನಲ್ಲಿ ಚಿವುಟಿದರೆ ಒದ್ದೆ. ಎಷ್ಟು ಹಗುರಾಯಿತು ಗೊತ್ತಾ ಮನಸ್ಸು!

ನಮ್ಮದು ಗರಿಕೆ ಜಾತಿಯ ಹುಲ್ಲು. ಮಣ್ಣಿನ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಬೆಳೆಯೋದು ನಿಲ್ಲಿಸಿ ಮಲಗಿಬಿಡುತ್ತೆ. ಮಲಗಿದ ಹುಲ್ಲಿಗೆ ಯೂರಿಯಾ ಹಾಕಿದರೆ ಅದು ಹೀರಿಕೊಳ್ಳೋದು ತೀರಾ ಕಡಿಮೆ. ಲಾಭವೆಲ್ಲ ಚಳಿಗಾಲದ ಕಳೆಗೆ, ಉಳಿದದ್ದು ನೀರಿನ ಜೊತೆ ಹರಿದುಹೋಗುತ್ತೆ. ಚೀಲ ಮತ್ತೆ ಕಟ್ಟಿಟ್ಟೆ.

ಆಮೇಲೆ ಮಾಡಿದ್ದು ಕಡಿಮೆಯೇ. ಮಣ್ಣಿಗೆ ಬೆರಳು ಚುಚ್ಚಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಅದೂ ಬಿಸಿಲೇರಿದ ಮೇಲೆ. ಸಂಜೆ ಹಾಕಿದರೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರ ಹಿಡಿಯುವ ಭಯ. ತರಗೆಲೆ ಮಾತ್ರ ಬಿಡದೆ ಗುಡಿಸಿದೆ, ಅದರಡಿ ಗಾಳಿ ಬೆಳಕಿಲ್ಲದೆ ಹುಲ್ಲು ಕೊಳೆಯುತ್ತೆ ಅಲ್ವಾ? ಕತ್ತರಿಸುವ ಮಷಿನ್ ಹೊರಗೆ ತೆಗೆಯಲೇ ಇಲ್ಲ. ದಿನಾ ನೋಡುತ್ತಾ ಸುಮ್ನೆ ಇರೋದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು.

ಬಿಸಿಲು ಬಲಿತ ಮೇಲೆ ಒಂದು ದಿನ ಕಂದು ಹುಲ್ಲಿನ ಸಂದಿಯಲ್ಲಿ ಸೂಜಿಮೊನೆಯಷ್ಟು ಹಸಿರು ಕಂಡಿತು. ಅಮ್ಮನನ್ನು ಕೂಗಿ ಕರೆದೆ. ಇಬ್ಬರೂ ಅಂಚಿನಲ್ಲೇ ನಿಂತು ನೋಡಿದೆವು, ಒಳಗೆ ಕಾಲಿಡಲಿಲ್ಲ.