ಮೇಣದ ಮೇಲೆ ಸೇವಂತಿಗೆ

ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್‌ನಿಂದ ಅಮ್ಮ ತಂದ ಸೇವಂತಿಗೆಯಲ್ಲಿ ಒಂದು ಹಿಡಿ ಎಸಳು ತೆಗೆದು, ದಪ್ಪ ಪುಸ್ತಕದೊಳಗೆ ಒತ್ತಿಟ್ಟಿದ್ದೆ. ಎರಡು ವಾರ ಬಿಟ್ಟು ಇವತ್ತು ತೆರೆದೆ. ಕಾಗದದಷ್ಟು ತೆಳ್ಳಗಾಗಿವೆ, ಹಳದಿ ಮಾತ್ರ ಹಾಗೇ ಇದೆ! ಜೊತೆಗಿಟ್ಟಿದ್ದ ಗುಲಾಬಿ ಹೂವಿನ ಎಸಳು ಸ್ವಲ್ಪ ಕಪ್ಪಾಯಿತು, ಇರಲಿ.

ಕುದಿಯುವ ನೀರಿನಲ್ಲಿ ಚಮಚ ಅದ್ದಿ, ಒರೆಸಿ, ಅದರ ಬೆನ್ನಿನಿಂದ ಎಸಳನ್ನು ದಪ್ಪ ಬಿಳಿ ಮೇಣದಬತ್ತಿಗೆ ಮೆಲ್ಲಗೆ ಒತ್ತಿದೆ. ಮೇಣ ಕರಗೋಕೆ ಸುಮಾರು 60 ಡಿಗ್ರಿ ಸಾಕು ಅಲ್ವಾ? ಒಂದು ಕ್ಷಣ ಬೆವರಿದ ಹಾಗೆ ಮಿನುಗಿ, ಎಸಳನ್ನು ಹಿಡಿದುಕೊಳ್ಳುತ್ತದೆ. ಬತ್ತಿಯ ಹತ್ತಿರ ಮಾತ್ರ ಹೂ ಅಂಟಿಸಬೇಡಿ, ಬೆಂಕಿ ಹಿಡಿಯುತ್ತದೆ.

ಬೆಲೆ ಬಿದ್ದ ದಿನ ಇದೇ ಸೇವಂತಿಗೆಯನ್ನು ರೈತರು ರಸ್ತೆಬದಿ ಸುರಿದು ಹೋದದ್ದನ್ನು ನೋಡಿದ್ದೇನೆ. ಒಂದೊಂದೇ ಎಸಳನ್ನು ಚಮಚದಲ್ಲಿ ಒತ್ತುವಾಗ ಆ ರಾಶಿ ನೆನಪಾಗಿ ಕರುಳು ಚುರುಕ್ ಎಂದಿತು. ಬತ್ತಿ ಹಚ್ಚೋಕೆ ಮನಸ್ಸೇ ಬರುತ್ತಿಲ್ಲ.