1 ಮಿ.ಮೀ. ತೂತು

ಮಡಿಕೇರಿ ಮಳೆಗೆ ಮನೆಯಲ್ಲೇ ಕೂತು ಉಗಿ ರೈಲಿನ ಮಾಡೆಲ್‌ಗೆ ಹಿತ್ತಾಳೆ ನಾಝಲ್ ಕೊರೆಯುತ್ತಿದ್ದೇನೆ. 1 ಮಿ.ಮೀ. ತೂತು. ಡ್ರಿಲ್‌ನ ಕೊರೆಯೋ ಕಡ್ಡಿ, ಅಂದ್ರೆ ಬಿಟ್, ಇಷ್ಟು ಸಣ್ಣದಾದರೆ ಬಳುಕುತ್ತದೆ, ಸುಮ್ನೆ ಇಟ್ಟರೆ ಪಕ್ಕಕ್ಕೆ ಜಾರುತ್ತದೆ. ಅದಕ್ಕೇ ಮೊದಲು ಗಿಡ್ಡ ಸೆಂಟರ್ ಡ್ರಿಲ್‌ನಲ್ಲಿ ಚಿಕ್ಕ ಗುಳಿ, ಆಮೇಲೆ 0.9 ಬಿಟ್, ಕೊನೆಗೆ 1. ನೇರವಾಗಿ 1 ಹಾಕಿದರೆ ತೂತು ಒಂಚೂರು ದೊಡ್ಡದಾಗೋದೇ ಜಾಸ್ತಿ.

ಸ್ಪೀಡ್ ಎಷ್ಟಿದ್ದರೂ ಸಾಲದು. 3000 ಆರ್‌ಪಿಎಂನಲ್ಲೂ (ನಿಮಿಷಕ್ಕೆ 3000 ಸುತ್ತು) ಈ ಬಿಟ್‌ನ ಅಂಚು ನಿಮಿಷಕ್ಕೆ ಓಡೋದು ಸುಮಾರು 9.4 ಮೀಟರ್ ಅಷ್ಟೇ. ಹಿತ್ತಾಳೆಗೆ ಅದರ ಎಷ್ಟೋ ಪಟ್ಟು ಬೇಕು. ಅವಸರಪಟ್ಟು ಒತ್ತಿದರೆ ಪಟ್ ಅಂತ ಮುರಿಯುತ್ತದೆ. ಸ್ವಲ್ಪ ಇಳಿಸು, ಎತ್ತು, ಚೂರು ಉದುರಿಸು, ಮತ್ತೆ ಇಳಿಸು.

"ರೈಲೇ ಇಲ್ಲದ ಕೊಡಗಲ್ಲಿ ನಿಂಗ್ಯಾಕೋ ಎಂಜಿನ್?" ಅಂತಾರೆ ಅಪ್ಪ. ಹಳಿ ಇಲ್ಲದ ಕಡೆ ಬೆಳೆದವರಿಗೇ ರೈಲಿನ ಹುಚ್ಚು ಜಾಸ್ತಿ ಇರಬೇಕು, ಅಲ್ವಾ? ಆದರೂ ತೂತು ಆಚೆ ಬದಿಗೆ ಬಂತಾ ಅಂತ ಟಾರ್ಚ್ ಬಿಟ್ಟು ಮೊದಲು ನೋಡೋದು ಅವರೇ.